ಐರಾವತದ ಹಿಂಗಾಲು

ನವೆಂಬರ್ ೧, ಶನಿವಾರ

ವರ್ಷದ ಮೊದಲಿಗೆ ಬ್ಯಾಡಗಿಯ ಬಟ್ಟೆ ಅಂಗಡಿಯವರು ಕೊಟ್ಟ ಡೈರಿ ಇದು. ಇಲ್ಲಿಯವರೆಗೆ ಗಿರಾಕಿಗಳ ತೋಳಿನ ಅಳತೆ ಬಿಟ್ಟರೆ ಇದರಲ್ಲಿ ಬೇರೇನೂ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಮನೆಯಲ್ಲಿರುವುದು ಹೆಂಡತಿ ಚೌಡವ್ವ ಒಬ್ಬಳೇ. ಅವಳೂ ನಕ್ಕವರ ಪೈಕಿ.

ಬೆಳಿಗ್ಗೆ ನಮ್ಮ ಮೋಟೆಬೆನ್ನೂರಿನ ಶಾಲೆಯ ಮೈದಾನದಲ್ಲಿ ರಾಜ್ಯೋತ್ಸವ. ಊರಿನ ಹಿರಿಯ ಕಲಾವಿದರಿಗೆ ಶಾಲು ಹೊದಿಸುತ್ತಾರೆಂದು ಸುದ್ದಿ ಇತ್ತು. ನಾನು ಇಸ್ತ್ರಿ ಹಾಕಿದ ಜುಬ್ಬಾ ತೊಟ್ಟು ಮೊದಲ ಸಾಲಿನಲ್ಲಿ ಕುಳಿತೆ. ಡೊಳ್ಳಿನವರಿಗೆ ಹೊದಿಸಿದರು. ಭಜನೆಯವರಿಗೆ ಹೊದಿಸಿದರು. ಸೋಬಾನೆ ಪದ ಹಾಡುವ ಗಂಗಾಗೂ ಹೊದಿಸಿದರು. ಒಂದು ಶಾಲು ಉಳಿಯಿತು. ನಾನು ಅರ್ಧ ಎದ್ದೆ. ಮೈಕು ಹಿಡಿದಿದ್ದ ನಮ್ಮೂರ ಹುಡುಗ ಕಿರಣಕುಮಾರ ನನ್ನನ್ನು ನೋಡಿ, "ಕಾಕಾ, ಕುಂದ್ರಿ ಕುಂದ್ರಿ. ಆನಿ ಹಿಂಗಾಲಿಗೆ ಶಾಲು ಎಲ್ಲಿ ಹೊಚ್ಚಬೇಕಂತ ನಮಗ ತಿಳೀವಲ್ದು" ಎಂದ. ಮೈಕಿನಲ್ಲಿ! ಇಡೀ ಮೈದಾನ ನಕ್ಕಿತು. ಅರ್ಧ ಎದ್ದವನು ಪೂರಾ ಏಳಲೂ ಆಗದೆ ಕೂರಲೂ ಆಗದೆ ಚಪ್ಪಲಿ ಹುಡುಕುವವನಂತೆ ಬಗ್ಗಿದೆ.

ಅವನು ಹೇಳಿದ್ದು ಸುಳ್ಳಲ್ಲ, ಅದೇ ಸಿಟ್ಟು. ನಮ್ಮ ಅಂಜಿನಪ್ಪ ಮಾಸ್ತರರ ದೊಡ್ಡಾಟದ ಮೇಳದಲ್ಲಿ ಕುಂತಿಯ ಗಜಗೌರಿ ಪೂಜೆಗೆ ಸ್ವರ್ಗದಿಂದ ಐರಾವತ ಇಳಿದು ಬರುವ ಆಟ ಸುತ್ತಲಿನ ಊರಿಗೆಲ್ಲ ಹೆಸರಾಗಿತ್ತು. ಬಿದಿರಿನ ಆನೆ, ಮೇಲೆ ಗೋಣಿತಟ್ಟು, ಒಳಗೆ ಇಬ್ಬರು. ತಲೆ, ಸೊಂಡಿಲು, ಮುಂಗಾಲು ರಾಣೆಬೆನ್ನೂರಿನ ಗೂಡುಸಾಬನದು. ಹಿಂಗಾಲು ಮತ್ತು ಬಾಲ ನನ್ನದು. ಪ್ರಾಯದಲ್ಲಿ ಒಳಗೆ ಹೊಕ್ಕವನು ತಲೆ ನೆರೆಯುವ ತನಕ ಅದರಲ್ಲೇ ಬಗ್ಗಿ ನಡೆದಿದ್ದೇನೆ. ಊರಿನ ಜನ ನನ್ನ ಹೊಲಿಗೆ ಮರೆತರೂ ನನ್ನ ಹಿಂಗಾಲು ಮರೆಯುವುದಿಲ್ಲ.

ನಾನು ಕಲಾವಿದ ಹೌದೋ ಅಲ್ಲವೋ ಎಂದು ಇನ್ನು ಸರ್ಕಾರವೇ ಹೇಳಲಿ. ಹಿರಿಯ ಕಲಾವಿದರಿಗೆ ಮಾಸಾಶನ ಉಂಟಂತೆ. ದುಡ್ಡು ಹಾಳಾಗಿ ಹೋಗಲಿ, ನನಗೆ ಬೇಕಾದದ್ದು "ಕಲಾವಿದ" ಎಂದು ಬರೆದ ಒಂದು ಆದೇಶ. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ. ಕಿರಣಕುಮಾರ ಪ್ಯಾಂಟು ಹೊಲಿಸಲು ಬಂದಾಗ ಓದಲಿ.

ನವೆಂಬರ್ ೩, ಸೋಮವಾರ

ಗ್ರಾಮ ಒನ್ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಕೂರುವ ಪ್ರಿಯಾಂಕಾ ಚುರುಕು ಹುಡುಗಿ. ಪಹಣಿ, ಜಾತಿ ಪ್ರಮಾಣಪತ್ರ, ಕರೆಂಟು ಬಿಲ್ಲು ಎಲ್ಲವನ್ನೂ ಆ ಒಂದೇ ಕಂಪ್ಯೂಟರಿನಿಂದ ತೆಗೆಯುತ್ತಾಳೆ.

"ಯಾವ ಪಾತ್ರ ಮಾಡ್ತಿದ್ರಿ ಕಾಕಾ?"

"ಐರಾವತ."

ಹಿಂದಿನದೋ ಮುಂದಿನದೋ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ವೇಷದಾಗಿನ ಫೋಟೋ ಬೇಕ್ರಿ."

ನಾನು ಒಯ್ದಿದ್ದ ಫೋಟೋಗಳನ್ನೆಲ್ಲ ಹರಡಿದೆ. ಒಂದೊಂದನ್ನೂ ಎತ್ತಿ ನೋಡಿದಳು. "ಚಂದ ಐತಿ ಆನಿ. ಆದ್ರ ಇದರಾಗ ನೀವೆಲ್ಲಿ?"

"ಒಳಗ."

"ಒಳಗ ಅಂದ್ರ ಹೆಂಗ್ರಿ? ಮಾರಿ ಕಾಣಬೇಕು." ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ, ಮತ್ತೂ ದೊಡ್ಡದು ಮಾಡಿ ನೋಡಿದಳು. "ಬಾಲ ಅಷ್ಟ ಕಾಣಾಕತ್ತೈತಿ."

"ಆ ಬಾಲ ಅಲ್ಲಾಡಸಾಕ ಹತ್ತಿದಾಂವ ನಾನ."

"ಅದು ಹೌದ್ರಿ. ಆದ್ರ ಸರ್ಕಾರಕ್ಕ ಹೆಂಗ ಗೊತ್ತಾಗಬೇಕು?"

ಮುಖ ಕಾಣುವ ಫೋಟೋ ಒಂದು, ಜೊತೆಯಲ್ಲಿ ಪಾತ್ರ ಮಾಡಿದವರ ದೃಢೀಕರಣ ಒಂದು, ಇವೆರಡು ತಂದರೆ ಉಳಿದದ್ದು ತಾನೇ ನೋಡಿಕೊಳ್ಳುತ್ತೇನೆ ಎಂದಳು. ಅಂಜಿನಪ್ಪ ಮಾಸ್ತರರು ತೀರಿಕೊಂಡಿದ್ದಾರೆ. ಕುಂತಿ ಪಾತ್ರದ ಹಾಲಸಿದ್ದಪ್ಪನೂ ಹೋದ. ಇನ್ನು ಬದುಕಿರುವವನೆಂದರೆ ಮುಂಗಾಲು ಒಬ್ಬನೇ.

ಗೂಡುಸಾಬನ ಜೊತೆ ನನಗೆ ಮಾತಿಲ್ಲ. ಗುತ್ತಲದ ಆಟದಲ್ಲಿ ಐರಾವತ ಸ್ವರ್ಗದಿಂದ ಇಳಿದು ತಿರುಗುವಾಗ ಅವನು ಎಡಕ್ಕೆ ಹೋದ, ನಾನು ಬಲಕ್ಕೆ ಹೋದೆ. ಆನೆ ನಟ್ಟನಡುವೆ ಪರ್ರನೆ ಹರಿದು ಎರಡಾಯಿತು. ಹರಕಿನಿಂದ ನನ್ನ ತಲೆ ಹೊರಗೆ ಬಂತು. ಜನ ಕೇಕೆ ಹಾಕಿದರು, ಕುಂತಿ ಪೂಜೆಯ ತಟ್ಟೆ ಕೆಳಗಿಟ್ಟು ನಕ್ಕಳು. ತಪ್ಪು ಹಿಂಗಾಲಿನದು ಎಂದು ಅವನು, ಮುಂಗಾಲಿನದು ಎಂದು ನಾನು. ಅಲ್ಲಿಗೆ ಆಟವೂ ನಿಂತಿತು, ಮಾತೂ ನಿಂತಿತು.

ಸತ್ತರೂ ಅವನ ಹೊಸ್ತಿಲು ತುಳಿಯುವುದಿಲ್ಲ.

ನವೆಂಬರ್ ೪, ಮಂಗಳವಾರ

ತುಳಿಯುವುದಿಲ್ಲ. ಒಂದು ಕುಪ್ಪಸ ಹೊಲಿದೆ. ಎಡಗೈ ತೋಳು ಬಲಕ್ಕೆ ಕೂಡಿಸಿದ್ದೇನೆ. ಬಿಚ್ಚಬೇಕು.

ನವೆಂಬರ್ ೭, ಶುಕ್ರವಾರ

ಅವನ ಹಂಗಿಲ್ಲದೆ ಪುರಾವೆ ಹುಡುಕೋಣವೆಂದು ಹಾವೇರಿಯ ಗ್ರಂಥಾಲಯಕ್ಕೆ ಹೋದೆ. ಹಳೆಯ ಪತ್ರಿಕೆಗಳ ಕಟ್ಟು ಕೇಳಿದ ತಕ್ಷಣ ತಂದುಕೊಟ್ಟರು, ಫ್ಯಾನು ಹಾಕಿದರು, ಕುರ್ಚಿ ಕೊಟ್ಟರು. ಇಂಥ ಜಾಗ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ತನಕ ಹಳೆಯ ಸುದ್ದಿ ಓದಿದೆ. ಯಾರದೋ ಎಮ್ಮೆ ಬಾವಿಗೆ ಬಿದ್ದು ಬದುಕಿ ಬಂದದ್ದು ಓದಿ ಸಮಾಧಾನವಾಯಿತು.

ಕೊನೆಗೆ ನಮ್ಮ ಆಟದ ಸುದ್ದಿಯೂ ಸಿಕ್ಕಿತು. "ಐರಾವತದ ಪಾತ್ರದಲ್ಲಿ ಗೂಡುಸಾಬ ಪ್ರೇಕ್ಷಕರ ಮನಗೆದ್ದರು" ಎಂದು ಬರೆದಿದ್ದರು. ಅಷ್ಟೇ. ಎರಡು ಕಾಲಿನ ಆನೆ ಮನ ಹೇಗೆ ಗೆಲ್ಲುತ್ತದೆ ಎಂದು ಬರೆದವರಿಗೆ ಅನ್ನಿಸಲೇ ಇಲ್ಲ.

ಗ್ರಂಥಾಲಯದ ಸದಸ್ಯನಾಗಿ ಒಂದು ಪತ್ತೇದಾರಿ ಕಾದಂಬರಿ ತಂದೆ.

ನವೆಂಬರ್ ೧೦, ಸೋಮವಾರ

ಮನೆಯೊಳಗೇ ಪತ್ತೇದಾರಿ ಇದೆ. ಬಸ್ಸು ಹೆಂಗಸರಿಗೆ ಪುಕ್ಕಟೆಯಾದಾಗಿನಿಂದ ಚೌಡವ್ವ ವಾರಕ್ಕೊಮ್ಮೆ ರಾಣೆಬೆನ್ನೂರಿಗೆ ಹೋಗುತ್ತಿದ್ದಳು. ಕೇಳಿದರೆ "ತಾಜಾ ಕಾಯಿಪಲ್ಲೆ" ಎನ್ನುತ್ತಿದ್ದಳು. ಇವತ್ತು ಬರಿಗೈಯಲ್ಲಿ ಬಂದವಳನ್ನು ತಡೆದು ಕೇಳಿದೆ.

"ಸೈದಾಬಿ ಮನೀಗೆ ಹೋಗಿದ್ದೆ. ಏನೀಗ?" ಎಂದಳು.

ಸೈದಾಬಿ ಎಂದರೆ ಗೂಡುಸಾಬನ ಹೆಂಡತಿ. ನಾನು ಮಾತು ಬಿಟ್ಟ ಮನೆಯಲ್ಲಿ ಇವಳು ಚಹಾ ಕುಡಿಯುತ್ತಿದ್ದಾಳೆ!

"ಜಗಳ ನಿಮ್ಮದು. ನಮ್ಮಿಬ್ಬರದಲ್ಲ. ನಾವೇನು ಒಂದ ಆನಿಯೊಳಗ ಹೊಕ್ಕಿದ್ವೇನು?" ಎಂದಳು. ನಂತರ ಕಾಲು ಚಾಚಿ ಕುಳಿತು, ಏನೂ ಆಗಿಲ್ಲವೆಂಬಂತೆ, "ನಿಮ್ಮ ಮಾರಿ ಕಾಣೋ ಫೋಟೋ ಅವರ ಗ್ವಾಡಿಗೆ ಐತಿ" ಎಂದಳು.

ಯಾವ ಫೋಟೋ ಎಂದು ಕೇಳಿದ್ದಕ್ಕೆ ಹೇಳಲಿಲ್ಲ. ಹೋಗಿ ನೋಡಬೇಕಂತೆ.

ನವೆಂಬರ್ ೧೨, ಬುಧವಾರ

ಹೋದೆ. ಅರ್ಜಿಗಾಗಿ ಮಾತ್ರ.

ಗೂಡುಸಾಬನದು ಗಾದಿ ಹೊಲಿಯುವ ಅಂಗಡಿ, ಹಿಂದೆಯೇ ಮನೆ. ಹತ್ತಿಯ ರಾಶಿಯ ನಡುವೆ ಕುಳಿತಿದ್ದ. ಗಡ್ಡ ಬೆಳ್ಳಗಾಗಿದೆಯೋ ಹತ್ತಿ ಅಂಟಿದೆಯೋ ಗೊತ್ತಾಗಲಿಲ್ಲ. ನನ್ನನ್ನು ನೋಡಿ ಏಳಲಿಲ್ಲ. ಸೈದಾಬಿಯನ್ನು ಕೂಗಿ, "ಹಿಂಗಾಲು ಬಂದೈತಿ, ಚಾ ಇಡು" ಎಂದ.

ಸಿಟ್ಟು ನೆತ್ತಿಗೇರಿತು. ಆದರೆ ಅಷ್ಟರಲ್ಲಿ ಗೋಡೆ ಕಂಡಿತು. ಗುತ್ತಲದ ರಾತ್ರಿಯ ಫೋಟೋ, ಕಟ್ಟು ಹಾಕಿಸಿ, ಗಾಜು ಒರೆಸಿ ಇಟ್ಟಿದ್ದಾನೆ! ಎರಡಾದ ಆನೆ. ನಡುವಿನ ಹರಕಿನಿಂದ ಬಾಯಿ ತೆರೆದ ನನ್ನ ಮುಖ. ಆನೆಯ ಕತ್ತಿನಿಂದ ಹಿಂತಿರುಗಿ ನನ್ನನ್ನೇ ನೋಡುತ್ತಿರುವ ಗೂಡುಸಾಬನ ಮುಖ.

"ಇದನ್ಯಾಕ ತೂಗಹಾಕೀದಿ?"

"ದಿನಾ ನಗಾಕ. ಡಾಕ್ಟರ್ ಹೇಳ್ಯಾರ, ನಗಬೇಕಂತ."

ಆಗ ಸೈದಾಬಿ ಚಹಾ ತಂದು ಕೊಡುತ್ತ ಗಂಡನ ಗುಟ್ಟು ಬಿಟ್ಟಳು. "ಅಣ್ಣಾರ, ಇವರೂ ಹೋದ ವರ್ಷ ಅರ್ಜಿ ಹಾಕಾಕ ಹೋಗಿದ್ರು. ಫೋಟೋದಾಗ ಮಾರಿ ಇಲ್ಲಂತ ತಿರುಗಿ ಬಂದ್ರು. ಈ ಫೋಟೋ ಕೊಡ್ರಿ ಅಂದ್ರ, ಅದರಾಗ ಅವಾ ಅದಾನ, ಅವನ್ನ ಕೇಳದ ಹೆಂಗ ಕೊಡ್ಲಿ ಅಂದ್ರು."

ಅಂದರೆ ಸೊಂಡಿಲಿನವನಿಗೂ ಮುಖವಿಲ್ಲ! ಪತ್ರಿಕೆಯಲ್ಲಿ ಹೆಸರು ಬಂದವನಿಗೂ ಇಲ್ಲ! ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಕಪ್ ಚಹಾ ಕೇಳಿ ಕುಡಿದೆ.

ಅವನು ನನಗೆ ದೃಢೀಕರಣ ಬರೆದುಕೊಟ್ಟ: "ಸದರಿ ಮೈಲಾರೆಪ್ಪ ನನ್ನ ಹಿಂದೆ ಇದ್ದನು." ನಾನು ಅವನಿಗೆ ಬರೆದುಕೊಟ್ಟೆ: "ಸದರಿ ಗೂಡುಸಾಬನನ್ನು ನಾನು ಹಿಂದಿನಿಂದ ಬಲ್ಲೆ." ಲೆಕ್ಕ ಚುಕ್ತಾ.

ನವೆಂಬರ್ ೧೩, ಗುರುವಾರ

ಎರಡೂ ಅರ್ಜಿ ಹೋದವು. ಒಂದೇ ಫೋಟೋ. ಪ್ರಿಯಾಂಕಾ ನನ್ನ ಮುಖಕ್ಕೆ ಕೆಂಪು ಸುತ್ತು, ಅವನ ಮುಖಕ್ಕೆ ನೀಲಿ ಸುತ್ತು ಹಾಕಿದಳು. ಹಾಕುವಾಗ ನಕ್ಕು ನಕ್ಕು ಅವಳ ಸುತ್ತು ಸೊಟ್ಟಗಾಯಿತು. ಸರ್ಕಾರಿ ಕೆಲಸದಲ್ಲಿ ಇಷ್ಟು ನಗು ಒಳ್ಳೆಯದಲ್ಲ.

ನವೆಂಬರ್ ೨೭, ಗುರುವಾರ

ಮೊಬೈಲಿಗೆ ಸಂದೇಶ ಬಂತು. ಡಿಸೆಂಬರ್ ಒಂಬತ್ತಕ್ಕೆ ಹಾವೇರಿಯಲ್ಲಿ ಸಂದರ್ಶನ. ವೇಷಭೂಷಣದೊಂದಿಗೆ ಬಂದು ಸಮಿತಿಯ ಮುಂದೆ ಕಲೆ ತೋರಿಸಬೇಕು.

ಆನೆ ಎಲ್ಲಿದೆ? ತಲೆ ಗೂಡುಸಾಬನ ಅಟ್ಟದಲ್ಲಿದೆಯಂತೆ, ಇಲಿ ಒಂದು ಕಿವಿ ತಿಂದಿದೆ. ಮೈ ಎಂದೋ ಹೋಯಿತು, ಅದರ ಗೋಣಿತಟ್ಟನ್ನು ಚೌಡವ್ವ ಕಾಲೊರಸು ಮಾಡಿದ್ದಳು. ಹೊಸ ಆನೆ ಹೊಲಿಯಬೇಕು. ಹೊಲಿಯಬಲ್ಲವನು ನಾನೊಬ್ಬನೇ. ಅಂದರೆ ಆನೆ ಈಗ ನನ್ನ ಕೈಯಲ್ಲಿದೆ. ಅವನಿಗೆ ಫೋನು ಮಾಡಿ ಇದನ್ನೇ ಹೇಳಿದೆ.

"ಹೊಲಿಯೋದು ನೀನ, ನೋಡ್ಕೊಳ್ಳೋದು ನಾನ. ನಾಳಿಂದ ಬರ್ತೇನಿ" ಎಂದು ಇಟ್ಟುಬಿಟ್ಟ.

ಡಿಸೆಂಬರ್ ೧, ಸೋಮವಾರ

ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ಹಳೆಯ ಚೀಲ ತಂದೆವು. ಇಷ್ಟು ಗಟ್ಟಿ, ಇಷ್ಟು ಅಗಲದ ಗೋಣಿ ಬೇರೆಲ್ಲೂ ಸಿಗುವುದಿಲ್ಲ. ಬಣ್ಣವೂ ಅಷ್ಟಿಷ್ಟು ಕೆಂಪಗೆ ಚೆನ್ನಾಗಿದೆ. ಐರಾವತ ಬಿಳಿ ಇರಬೇಕು ಎಂದು ಗೂಡುಸಾಬ ತಗಾದೆ ತೆಗೆದ. ಸುಣ್ಣ ಬಳಿಯೋಣ ಎಂದೆ.

"ಘಾಟು ಐತಲ್ಲಲೇ?"

"ಒಗದ್ರ ಹೋಗತೈತಿ."

ಎರಡು ಸಲ ಒಗೆದೆವು. ಚೌಡವ್ವ ಸೀನುತ್ತ ಬಂದು, ಇನ್ನೂ ಒಗೆಯಿರಿ ಎಂದಳು. ಹೆಂಗಸರಿಗೆ ಮೂಗು ಸೂಕ್ಷ್ಮ.

ಡಿಸೆಂಬರ್ ೩, ಬುಧವಾರ

ಈ ಮನುಷ್ಯನ ಕಾಟ ತಡೆಯಲಾಗುತ್ತಿಲ್ಲ. ಬೆಳಿಗ್ಗೆಯ ಬಸ್ಸಿಗೆ ಬಂದು ಕತ್ತಲಾಗುವ ತನಕ ನನ್ನ ಹೊಲಿಗೆ ಯಂತ್ರದ ಎದುರು ಕೂರುತ್ತಾನೆ. "ಹೊಟ್ಟಿ ದಪ್ಪ ಆತು", "ಬಾಲ ಸಣ್ಣದಾತು". ಊಟ ಬೇಡ ಎನ್ನುತ್ತ ಚೌಡವ್ವನ ರೊಟ್ಟಿ, ಪುಂಡಿಪಲ್ಲೆ ಎರಡೆರಡು ಸಲ ಹಾಕಿಸಿಕೊಳ್ಳುತ್ತಾನೆ. ಅಂಗಳದಲ್ಲಿ ನಡೆದು ನೋಡಿದೆವು. ಅವನು ಮುಂದೆ, ನಾನು ಅವನ ಸೊಂಟದ ಪಟ್ಟಿ ಹಿಡಿದು ಹಿಂದೆ. ಕಾಲು ತಾನಾಗಿ ಹೊಂದಿಕೊಂಡಿತು. ಇದಕ್ಕೆ ನನ್ನ ಅಭ್ಯಾಸವೇ ಕಾರಣ.

ಡಿಸೆಂಬರ್ ೫, ಶುಕ್ರವಾರ

ಇವತ್ತು ಗೂಡುಸಾಬ ಬರಲಿಲ್ಲ. ಗಾದಿಯ ಗಿರಾಕಿ ಇದ್ದಾರಂತೆ. ಒಳ್ಳೆಯದೇ ಆಯಿತು, ಮನೆ ತಣ್ಣಗಿತ್ತು. ದಾರ ತರಲೆಂದು ಬಸ್ ನಿಲ್ದಾಣದ ತನಕ ಹೋಗಿ ಬಂದೆ. ಮಧ್ಯಾಹ್ನವೂ ಹೋಗಿ ಬಂದೆ. ಸಂಜೆಯೂ. ದಾರ ಮನೆಯಲ್ಲೇ ಇತ್ತು.

ಡಿಸೆಂಬರ್ ೯, ಮಂಗಳವಾರ

ಮಲಗಿಕೊಂಡು ಬರೆಯುತ್ತಿದ್ದೇನೆ. ಏಳಲಾಗುವುದಿಲ್ಲ. ಆದದ್ದನ್ನು ಇವತ್ತೇ ಬರೆಯದಿದ್ದರೆ ನಾಳೆ ಗೂಡುಸಾಬ ಬೇರೆಯೇ ಕಥೆ ಹಬ್ಬಿಸುತ್ತಾನೆ.

ಬೆಳಿಗ್ಗೆ ಅವನೂ ಸೈದಾಬಿಯೂ ಬಂದರು. ನಾವು ನಾಲ್ವರು ಮತ್ತು ಆನೆ ಹಾವೇರಿಯ ಬಸ್ಸು ಹತ್ತಿದೆವು. ಮೈಯನ್ನು ಮಡಚಿ ಗಂಟು ಕಟ್ಟಿದ್ದೆ. ತಲೆಯನ್ನು ಎಲ್ಲಿಡುವುದು? ಖಾಲಿ ಇದ್ದ ಸೀಟಿನ ಮೇಲೆ ಕೂರಿಸಿದೆವು. ಅದು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿತು.

ಕಂಡಕ್ಟರ್ ಬಂದ. ಗಂಡಸರಿಬ್ಬರೂ ಟಿಕೆಟ್ ತೆಗೆದುಕೊಂಡೆವು. ಹೆಂಗಸರು ಆಧಾರ್ ತೋರಿಸಿದರು. ಅವನು ಆನೆಯ ಮುಂದೆ ನಿಂತ.

"ಇದಕ್ಕ ಟಿಕೆಟ್ ತಗೋರಿ."

ಚೌಡವ್ವ ಥಟ್ಟನೆ ಹೇಳಿದಳು: "ಅದು ಹೆಣ್ಣಾನಿ ಐತಿ. ಫ್ರೀ."

"ಏ, ಐರಾವತ ಗಂಡು!" ಎಂದು ನಾನೂ ಗೂಡುಸಾಬನೂ ಒಟ್ಟಿಗೇ ಕೂಗಿದೆವು. ಪುರಾಣಕ್ಕೆ ಅಪಚಾರ ಆಗಬಾರದಲ್ಲ.

ಕಂಡಕ್ಟರ್ ಗಂಭೀರವಾಗಿ ಚೌಡವ್ವನ ಕಡೆ ತಿರುಗಿದ. "ಹೆಣ್ಣಂದ್ರ ಹೆಣ್ಣ ಅನ್ರಿ. ಆಧಾರ್ ತೋರಿಸ್ರಿ ಅದರದು."

ಬಸ್ಸೆಲ್ಲ ನಕ್ಕಿತು. ಕೊನೆಗೆ ಆನೆಗೆ ಲಗೇಜು ಟಿಕೆಟ್ ಹರಿದು ಅದರ ಸೊಂಡಿಲಿಗೆ ಸಿಕ್ಕಿಸಿ ಹೋದ.

ಅನಾಹುತ ಆದದ್ದು ಇಳಿಯುವಾಗ. ಗಂಟು ಎತ್ತಲು ಬಗ್ಗಿದೆ, ಸೊಂಟ ಕಟಕ್ ಎಂದಿತು. ಏಳಲು ಆಯಿತು, ಆದರೆ ಮತ್ತೆ ಬಗ್ಗಲು ಆಗಲಿಲ್ಲ. ಹಿಂಗಾಲಿನವನು ಬಗ್ಗದಿದ್ದರೆ ಆನೆಗೆ ಒಂಟೆಯ ಗೂನು ಬರುತ್ತದೆ. ನನ್ನ ಕಣ್ಣಲ್ಲಿ ನೀರೇ ಬಂತು. ಇಷ್ಟು ದೂರ ಬಂದು, ಇಷ್ಟು ಹೊಲಿದು, ಬಾಗಿಲಲ್ಲಿ ಕೆಟ್ಟಿತಲ್ಲ ಎಂದು.

ಗೂಡುಸಾಬ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಅವನಿಗೆ ಎಂಥ ಸಂಕಟವಾಯಿತೆಂದು ಅವನ ಗಡ್ಡವೇ ಹೇಳುತ್ತಿತ್ತು. "ನೆಟ್ಟಗ ನಿಂದರಾಕ ಬರತೈತೆಲ್ಲೋ? ಹಂಗಾದ್ರ ನೀ ಮುಂದ ನಡಿ. ನಾ ಹಿಂದ ಬರ್ತೇನಿ" ಎಂದ.

ಸಭಾಂಗಣದಲ್ಲಿ ನಮ್ಮ ಸರದಿ ಬಂತು. ಸಮಿತಿಯ ಅಧ್ಯಕ್ಷೆ ಮೇಡಮ್ಮು, ಪಕ್ಕದಲ್ಲಿ ಇಬ್ಬರು ದೊಡ್ಡ ಮನುಷ್ಯರು. ಹಿಂದೆ ಕುರ್ಚಿಗಳಲ್ಲಿ ನಮ್ಮಂತೆಯೇ ಬಂದ ಕಲಾವಿದರು. ನಾನು ಆನೆಯ ತಲೆಯೊಳಗೆ ತಲೆ ಹಾಕಿದೆ. ಹಾಕಿ ಕಣ್ಣಿನ ತೂತಿನಿಂದ ನೋಡಿದವನು ಹಾಗೇ ನಿಂತುಬಿಟ್ಟೆ.

ಜನ! ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಆಟ ಆಡಿ ನಾನು ಕಂಡದ್ದು ಗೂಡುಸಾಬನ ಬೆನ್ನು ಮತ್ತು ನೆಲ. ಆಟ ನೋಡುವವರ ಮುಖ ಇವತ್ತೇ ಮೊದಲು ನೋಡಿದ್ದು. ಎತ್ತ ತಿರುಗಬೇಕು, ಯಾವ ಕಾಲು ಮೊದಲು, ಎಲ್ಲ ಮರೆತುಹೋಯಿತು.

ಹಿಂದಿನ ಕತ್ತಲೆಯಿಂದ ಪಿಸುಮಾತು ಬಂತು. "ಲೇ, ಯಾಕ ನಿಂತಿ? ಏನ್ ಕಾಣಾಕತ್ತೈತಿ? ಹೇಳಲೇ. ನಾ ಹೇಳ್ತಿದ್ನಲ್ಲ ನಿನಗ, ಹಂಗ ಹೇಳು."

ಹೌದು, ಅವನು ಹೇಳುತ್ತಿದ್ದ. ಆಟ ಆಡುವಷ್ಟು ಹೊತ್ತೂ ಮುಂದಿನಿಂದ ಹೇಳುತ್ತಲೇ ಇರುತ್ತಿದ್ದ. ಬಲಕ್ಕೆ ಮೆಟ್ಟಿಲು ಇದೆ. ಮಾಸ್ತರು ನಗುತ್ತಿದ್ದಾರೆ. ಚೌಡವ್ವ ಹಸಿರು ಸೀರೆ ಉಟ್ಟು ಮುಂದೆ ಕುಳಿತಿದ್ದಾಳೆ, ಬಾಲ ಜೋರಾಗಿ ಅಲ್ಲಾಡಿಸು. ಇದನ್ನೆಲ್ಲ ನಾನೇ ನೋಡಿದ್ದೇನೆ ಎಂದು ಇಲ್ಲಿಯವರೆಗೆ ತಿಳಿದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ನಾನೂ ಹೇಳತೊಡಗಿದೆ. "ಎದರಿಗೆ ಮೇಡಮ್ಮಾರು ಅದಾರ. ಎಡಕ್ಕ ಮೇಜು. ಸೈದಾಬಿ ನಿನ್ನ ಕಡೆ ನೋಡಾಕತ್ತಾಳ, ನೀ ಬಾಲದಾಗ ಇದ್ದೀ ಅಂತ ಬಾಯಿಗೆ ಸೆರಗ ಹಿಡದಾಳ." ಹಿಂದೆ ಬಾಲ ಸಿಟ್ಟಿನಿಂದ ಅಲ್ಲಾಡಿತು. ಜನ ಚಪ್ಪಾಳೆ ಹೊಡೆದರು. ನಾವು ನಡೆದೆವು, ಕುಣಿದೆವು, ಸೊಂಡಿಲೆತ್ತಿ ಮೇಡಮ್ಮಿಗೆ ನಮಸ್ಕಾರ ಹಾಕಿದೆವು.

ಕುಣಿದದ್ದೇ ತಪ್ಪಾಯಿತು. ಚೀಲದ ಹೊಲಿಗೆಯೊಳಗೆ ಅಡಗಿದ್ದ ಮೆಣಸಿನಕಾಯಿಯ ಘಾಟು ಎದ್ದಿತು. ಮೊದಲು ಹಿಂಗಾಲು ಸೀನಿತು. ಆಮೇಲೆ ಮುಂಗಾಲು. ಸುಣ್ಣ ಹಾರಿತು. ಇಲಿ ತಿಂದದ್ದಕ್ಕೆ ಬದಲಾಗಿ ನಾನು ಹೊಲಿದಿದ್ದ ಎಡ ಕಿವಿ ಬಿತ್ತು. ಮೇಡಮ್ಮು ಸೀನಿದರು, ದೊಡ್ಡ ಮನುಷ್ಯರು ಸೀನಿದರು, ಕೊಳಲು ಹಿಡಿದು ಕುಳಿತಿದ್ದ ಮೇಡ್ಲೇರಿಯ ಕಲಾವಿದನೊಬ್ಬ ಕೊಳಲಿನೊಳಗೇ ಸೀನಿದ, ಅದೂ ಒಂದು ಸ್ವರ ಹೊರಡಿಸಿತು. ಯಾರೋ ಕಿಟಕಿ ತೆಗೆದರು.

ಮೇಡಮ್ಮು ಕಣ್ಣು ಒರೆಸಿಕೊಳ್ಳುತ್ತ ಕೇಳಿದರು: "ಸಾಕ್ರಿ, ಸಾಕು! ಇದರಾಗ ಮುಂದ ಇದ್ದವರು ಯಾರು, ಹಿಂದ ಇದ್ದವರು ಯಾರು?"

"ಮುಂದ ಮೈಲಾರೆಪ್ಪ" ಎಂದು ಹಿಂದಿನಿಂದ ಗೂಡುಸಾಬ ಕೂಗಿದ, ಸೀನಿನ ನಡುವೆ. ಅವರು ಬರೆದುಕೊಂಡರು.

ಸಿಕ್ಕುತ್ತದೋ ಇಲ್ಲವೋ. ಸೊಂಟಕ್ಕೆ ಚೌಡವ್ವ ಬಿಸಿ ಉಪ್ಪಿನ ಗಂಟು ಇಟ್ಟಿದ್ದಾಳೆ. ಗೂಡುಸಾಬ ನನ್ನನ್ನು ಬಸ್ಸಿನಿಂದ ಮನೆಯ ತನಕ ಹೆಗಲ ಮೇಲೆ ಹಾಕಿಕೊಂಡು ಬಂದ. ದಾರಿಯುದ್ದಕ್ಕೂ, "ಹಿಂದ ಅದೆಷ್ಟು ಕತ್ತಲಲೇ. ಹೆಂಗ ಇದ್ದಿ ಅಷ್ಟು ವರ್ಷ?" ಎಂದು ಗೊಣಗುತ್ತಿದ್ದ. ಅವನಿಗೂ ವಯಸ್ಸಾಯಿತು.

ಡಿಸೆಂಬರ್ ೧೨, ಶುಕ್ರವಾರ

ನೋವು. ಗೂಡುಸಾಬ ಒಂದು ಹೊಸ ಗಾದಿ ಹೊಲಿದು ತಂದು ಹಾಕಿದ. ಗಟ್ಟಿ ಇದೆ. ಬದಲಿಸಿಕೊಡು ಎಂದಿದ್ದೇನೆ. ನಾಳೆ ಮತ್ತೆ ಬರಬೇಕಾಗುತ್ತದೆ ಅವನು.

ಜನವರಿ ೨೧, ಬುಧವಾರ

ಬಂತು! ಪ್ರಿಯಾಂಕಾ ತನ್ನ ಕೇಂದ್ರದ ಬಾಗಿಲು ಹಾಕಿಕೊಂಡು ಓಡಿಬಂದಳು. ಇಬ್ಬರಿಗೂ ಮಂಜೂರಾಗಿದೆ. "ಮೈಲಾರೆಪ್ಪ, ದೊಡ್ಡಾಟ ಕಲಾವಿದ" ಎಂದು ಸ್ಪಷ್ಟವಾಗಿ ಇದೆ. ಮೂರು ಸಲ ಓದಿಸಿ ಕೇಳಿದೆ. ಚೌಡವ್ವ ಸಕ್ಕರೆ ಹಂಚಿದಳು. ನನಗೆ ಅಳು ಬಂತು, ಬರಲಿ ಬಿಡು ಎಂದು ಅತ್ತೆ.

ಆಮೇಲೆ ಪ್ರಿಯಾಂಕಾ ಅದರ ಕೆಳಗಿನ ಸಾಲನ್ನೂ ಓದಿದಳು. "ಪಾತ್ರ: ಐರಾವತದ ಮುಂಗಾಲು." ಗೂಡುಸಾಬನದು ತೆಗೆದು ನೋಡಿದೆವು. "ಪಾತ್ರ: ಐರಾವತದ ಹಿಂಗಾಲು." ಅವರ ತಪ್ಪಲ್ಲ. ಕಂಡದ್ದನ್ನು ಬರೆದಿದ್ದಾರೆ, ಹೇಳಿದವನೂ ಅವನೇ.

ಅವನ ಫೋನು ಬಂತು. ಕಿವಿಯಿಂದ ದೂರ ಹಿಡಿದುಕೊಳ್ಳಬೇಕಾಯಿತು. "ಸೈದಾಬಿ ಮುಂಜಾನಿಂದ ನನ್ನ ಹಿಂಗಾಲು, ಹಿಂಗಾಲು ಅಂತ ಕರ್ಯಾಕತ್ತಾಳಲೇ!"

ನಾನು ನಗಬೇಕಿತ್ತು. ಕಿರಣಕುಮಾರನನ್ನು ಕರೆದು ತೋರಿಸಬೇಕಿತ್ತು. ಯಾಕೋ ಸಕ್ಕರೆ ಕೂಡ ಸಪ್ಪೆ ಅನ್ನಿಸಿತು. ಶೀತ ಆಗಿರಬೇಕು.

ಜನವರಿ ೨೨, ಗುರುವಾರ

ಇಬ್ಬರೂ ಹಾವೇರಿಯ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಸಂದರ್ಶನದ ದಿನ ಇದ್ದವರೇ. ನಮ್ಮನ್ನು ಕಂಡ ಕೂಡಲೇ ಮೂಗಿಗೆ ಕರ್ಚೀಫು ಹಿಡಿದರು.

"ಆನಿ ತಂದಿಲ್ರಿ" ಎಂದೆ. ಕರ್ಚೀಫು ತೆಗೆದರು.

"ಮಂಜೂರಾತಲ್ರಿ ಇಬ್ಬರಿಗೂ. ಇನ್ನೇನು?"

"ಕಾಲು ಅದಲಬದಲ ಆಗ್ಯಾವ್ರಿ. ತಿದ್ದಬೇಕು."

"ಯಾವ ಕಾಲಾದ್ರೂ ಸಿಗೋ ರೊಕ್ಕ ಅಷ್ಟ ಐತ್ರಿ. ಮುಂಗಾಲು ಅಂದ್ರ ನಿಮಗ ಚಲೋನ ಆತಲ್ಲ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೂಗಾಡುತ್ತ ಬಂದಿದ್ದ ಗೂಡುಸಾಬ ಇಲ್ಲಿ ಬಂದು ಒಮ್ಮೆಲೇ ಮೆತ್ತಗಾದ. ನನ್ನ ಕಡೆ ನೋಡಿ, "ಹೌದಲೇ, ಇರಲಿ ಬಿಡು. ನೀ ಒಂದೀಟು ದಿವಸ ಮುಂದ ಇರು" ಎಂದ.

"ಇರಲಿ ಬಿಡು ಅಂದ್ರ? ಯಾರದು ಸೊಂಡಿಲು? ಇವತ್ತು ಬಿಡ್ತಿ, ನಾಳೆ ಯಾರಾದ್ರೂ ಕೇಳಿದ್ರ ಏನ್ ಹೇಳ್ತಿ?"

"ನಾ ಕೊಡಾಕತ್ತೇನಿ, ತಗೋ ಅಂದ್ರ!"

"ನನಗ ಬ್ಯಾಡ ಅಂದ್ರ!"

ಗುತ್ತಲದಲ್ಲಿ ಜಗಳವಾಡಿದ್ದಕ್ಕಿಂತ ಜೋರಾಗಿ ಆಡಿದೆವು. ಸರತಿಯಲ್ಲಿ ನಿಂತವರು ಮಧ್ಯಸ್ಥಿಕೆಗೆ ಬಂದರು. ಕೊನೆಗೆ ಅವನು ಸಿಟ್ಟು ಮಾಡಿಕೊಂಡು ನೀರು ಕುಡಿಯಲು ಹೊರಗೆ ಹೋದ.

ಗುಮಾಸ್ತರು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. "ತಿದ್ದಬೇಕಂದ್ರ ಕಾರಣ ಬರೀಬೇಕ್ರಿ. ನಿಮ್ಮನ್ನ ಹಿಂದಕ್ಕ ಯಾಕ ಹಾಕಬೇಕು? ಏನಂತ ಬರೀಲಿ?"

ಅದನ್ನು ನಾನು ಯೋಚಿಸಿಕೊಂಡು ಹೋಗಿರಲಿಲ್ಲ. ಹಿಂದೆ ಸರತಿ ಬೇರೆ ಉದ್ದ ಇತ್ತು. ಬಾಯಿಗೆ ಬಂದದ್ದನ್ನು ಹೇಳಿದೆ: "ಅವಾ ಮುಂದ ಇರಲಿಲ್ಲಂದ್ರ ನನಗ ದಾರಿ ತಿಳಿಯೂದಿಲ್ರಿ."

ಅವರು ಹಾಗೆಯೇ ಬರೆದುಕೊಂಡು, ಸಹಿ ಮಾಡಿಸಿ, ಮೊಹರು ಒತ್ತಿದರು.

ಕಾರಣ ಏನು ಹೇಳಿದಿ ಎಂದು ಗೂಡುಸಾಬ ಬಸ್ಸಿನಲ್ಲಿ ಮೋಟೆಬೆನ್ನೂರು ಬರುವ ತನಕ ಕೇಳಿದ. ನಾನು ಹೇಳಲಿಲ್ಲ. ಹೇಳಿದರೆ ಅವನಿಗೆ ಕೋಡು ಮೂಡುತ್ತದೆ.